ಸೋಮವಾರದ ಗಿರಾಕಿ

ಪ್ರೀತಿಯ ಅಪ್ಪನಿಗೆ,

ಇವತ್ತು ಬೆಳಿಗ್ಗೆ ಅಮ್ಮ ಕಾಫಿ ಸೋಸುವ ಬಟ್ಟೆಯನ್ನು ಹಿಂಡಿ ನಿಮ್ಮ ಟೊಪ್ಪಿಯ ಮೊಳೆಗೆ ನೇತುಹಾಕಿದಳು. ನೀವು ಹೋದ ಮೇಲೆ ಹನ್ನೊಂದು ವರ್ಷ ಆ ಮೊಳೆ ಖಾಲಿ ಇತ್ತು. ಅದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿದವರಲ್ಲ. ಕೊಡೆ, ಚೀಲ, ಒದ್ದೆ ಟವೆಲು ಎಲ್ಲಕ್ಕೂ ಬೇರೆ ಜಾಗ ಹುಡುಕುತ್ತಿದ್ದೆವು. ಇವತ್ತು ಅವಳ ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಕಂದು ನೀರು ಗೋಡೆಯ ಮೇಲೆ ಗೆರೆಯಾಗಿ ಇಳಿಯಿತು. ಅವಳು ಅದನ್ನು ಗಮನಿಸಲೂ ಇಲ್ಲ. ನಾನು ಗಮನಿಸಿದೆ, ಆಮೇಲೆ ಕೆಲಸಕ್ಕೆ ಹೊರಡಲಾಗಲಿಲ್ಲ.

ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಮೊದಲು ಹೇಳಿಬಿಡುತ್ತೇನೆ. ಸಾಹಿತ್ಯ ಓದಿ ಮುಗಿಸಿದ ನನ್ನನ್ನು ಯಾವ ಶಾಲೆಯೂ ಕರೆಯಲಿಲ್ಲ. ನಾಲ್ಕು ವರ್ಷದಿಂದ ನಾನೂ ನಿಮ್ಮದೇ ಕೆಲಸ ಮಾಡುತ್ತಿದ್ದೇನೆ. ಸಾನ್ ಪೆದ್ರೋ ಬಡಾವಣೆಯ ಅದೇ ಕಟ್ಟಡ. ಬೋರ್ಡಿನ ಹೆಸರು ಮಾತ್ರ ಬೇರೆ. ಅಮೆರಿಕದವರು ತಮ್ಮ ನೆಲದಲ್ಲಿ ಕಟ್ಟಲಾಗದ ಆಟದ ಬಾಜಿಯನ್ನು ಈಗಲೂ ಇಲ್ಲಿಗೇ ಫೋನ್ ಮಾಡಿ ಕಟ್ಟುತ್ತಾರೆ. ಬರೆದುಕೊಳ್ಳುತ್ತೇನೆ, ತಂಡ ಮತ್ತು ಮೊತ್ತ ಓದಿ ಹೇಳುತ್ತೇನೆ, ಅವರು 'ಹೌದು' ಅಂದ ಮೇಲೆ ಫೋನ್ ಇಡುತ್ತೇನೆ.

ನಿಮ್ಮ ಪಕ್ಕದಲ್ಲಿ ಕೂರುತ್ತಿದ್ದ ಮಾರ್ವಿನ್ ಈಗ ನಮ್ಮ ಮೇಲ್ವಿಚಾರಕರು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದು ಅಮೆರಿಕದ ಹೆಸರು ಆರಿಸ್ಕೊಳ್ಳಿ ಮಹಾರಾಣಿ. ನಿಮ್ಮಪ್ಪ ಇಲ್ಲಿ ಜಾಕ್ ಆಗಿದ್ದ. ಆ ಹೆಸರು ಇನ್ನೂ ಯಾರಿಗೂ ಕೊಟ್ಟಿಲ್ಲ, ಕೊಟ್ರೆ ಗಿರಾಕಿಗಳು ಬೈತಾರೆ" ಅಂದರು.

ನಾನು ನಂಬಲಿಲ್ಲ. ಒಂದೇ ವಾರದಲ್ಲಿ ಓಹಾಯೋದ ಮುದುಕನೊಬ್ಬ ಕೇಳಿದ: "ಆ ಜಾಕ್ ಎಲ್ಲಿ ಹೋದನಮ್ಮಾ? ಸೋತ ದಿನಾನೂ ಅವನ ಹತ್ರ ಎರಡು ಮಾತಾಡಿದ್ರೆ ಗೆದ್ದಂಗಿರ್ತಿತ್ತು." ಅವನೊಬ್ಬನೇ ಅಲ್ಲ. ಸತ್ತ ಹೆಂಡತಿಯ ಅಡುಗೆಯ ಬಗ್ಗೆ, ಮಂಡಿನೋವಿನ ಬಗ್ಗೆ ಜಾಕ್ ಹತ್ತಿರ ಮಾತಾಡಿದವರು ಎಷ್ಟೋ ಜನ.

ಯಾವ ಜಾಕ್, ಅಪ್ಪಾ? ನನಗೆ ಗೊತ್ತಿದ್ದವರು ಭಾನುವಾರ ಮೇಜಿನ ಮುಂದೆ ಕೂತು, ಕಿತ್ತಳೆಯನ್ನು ಒಂದೇ ಎಳೆಯಾಗಿ ಸುಲಿದು, ಅರ್ಧವನ್ನು ನನ್ನ ಕಡೆ ತಳ್ಳುತ್ತಿದ್ದ ಒಬ್ಬರು. ಅಷ್ಟೇ ನಮ್ಮ ಭಾನುವಾರ. ಅಮ್ಮ ಚುಚ್ಚುತ್ತಿದ್ದಳು: "ಊರವರ ಜೊತೆ ನಾಲಿಗೆ ಸವೆಸ್ಕೊಂಡು ಬರ್ತೀರಿ, ಮನೆಗೆ ಬರೀ ಹಲ್ಲು ತರ್ತೀರಿ." ಅದಕ್ಕೂ ನೀವು 'ಹ್ಞೂಂ' ಎನ್ನುತ್ತಿದ್ದಿರಿ. ಅರ್ಧ ಕಚೇರಿ ಕುರಾಸಾವೋ ದ್ವೀಪಕ್ಕೆ ಹೋದಾಗ, ಆರು ತಿಂಗಳು ಎಂದು ನೀವೂ ಹೋದಿರಿ. ಈಗಲೂ ತಿಂಗಳಿಗೊಮ್ಮೆ ಹಣ ಬರುತ್ತದೆ, ಕಾಗದ ಬರುವುದಿಲ್ಲ.

ಆ ಮುದುಕನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ಮೂರು ವರ್ಷ ತಡೆದುಕೊಂಡು, ಕೊನೆಗೆ ಮಾರ್ವಿನ್ ಅವರನ್ನು ಕೇಳಿದೆ. "ಅಲ್ಲೂ ಅವನು ಜಾಕೇ. ಊರು ಬಿಟ್ಟ, ಹೆಸರು ಬಿಟ್ಟಿಲ್ಲ" ಎಂದು ನಿಮ್ಮ ಕಚೇರಿಯ ನಂಬರು ಬರೆದುಕೊಟ್ಟರು. ಮಗಳಾಗಿ ನಿಮಗೆ ಫೋನ್ ಮಾಡಲು ಧೈರ್ಯವಾಗಲಿಲ್ಲ. ಓಹಾಯೋದ ಹೆಲೆನ್ ಎಂದು ಅಲ್ಲಿ ಖಾತೆ ತೆರೆದೆ. ಸೋಮವಾರ ನನಗೆ ರಜೆ. ಮಧ್ಯಾಹ್ನ ಅಮ್ಮ ಮಾರುಕಟ್ಟೆಗೆ ಹೋಗಿರುತ್ತಾಳೆ. ಜಾಕ್ ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿ, ಸಂಜೆಯ ಆಟಕ್ಕೆ ಹತ್ತು ಡಾಲರ್ ಕಟ್ಟುತ್ತಿದ್ದೆ.

ಹೌದಪ್ಪಾ, ಆ ಹೆಲೆನ್ ನಾನೇ.

"ಬಂದ್ರಾ ಹೆಲೆನ್! ಈ ವಾರಾನೂ ಸೋಲೋ ತಂಡಾನೇ ಕಂಕುಳಲ್ಲಿ ಇಟ್ಕೊಂಡು ಬಂದ್ರಾ?" ಎನ್ನುತ್ತಿದ್ದಿರಿ. ಅಪ್ಪನ ತಮಾಷೆಗೆ ನಾನು ಮೊದಲ ಸಲ ನಕ್ಕಾಗ ನನಗೆ ಇಪ್ಪತ್ತೈದು ತುಂಬಿತ್ತು. ಒಂದು ವರ್ಷ ಹೀಗೇ ನಡೆಯಿತು. ನನಗೆ ನೆಗಡಿಯಾದಾಗ ಬೆಲ್ಲದ ನೀರು ಬಿಸಿ ಮಾಡಿ ಕುಡಿಯಿರಿ ಅಂದಿರಿ. ಗೆದ್ದಾಗ ನನಗಿಂತ ಹೆಚ್ಚು ಕೂಗಾಡಿದಿರಿ. ಒಮ್ಮೆ, ಮಕ್ಕಳಿದ್ದಾರಾ ಜಾಕ್, ಎಂದು ಕೇಳಿದೆ. ನೀವು, "ಒಬ್ಬಳಿದ್ದಾಳೆ. ಓದೋ ಹುಡುಗಿ. ನಾನು ಬಾಯಿಬಿಟ್ರೆ ಅವಳಿಗೆ ಬೇಜಾರಾಗುತ್ತೇನೋ ಅಂತ ಸುಮ್ನಿದ್ದುಬಿಟ್ಟೆ" ಅಂದಿರಿ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಕಳೆದ ಸೋಮವಾರ ನಾನು ಕಿಟಕಿ ಮುಚ್ಚುವುದನ್ನು ಮರೆತಿದ್ದೆ. ನೀವು ನನ್ನ ಬಾಜಿಯನ್ನು ಓದಿ ಹೇಳುತ್ತಿದ್ದಿರಿ. ಅದೇ ಹೊತ್ತಿಗೆ ಬೆಣ್ಣೆಹಣ್ಣಿನ ವಿಲ್ಬೆರ್ ಮಾಮನ ಗಾಡಿ ನಮ್ಮ ಬೀದಿಗೆ ತಿರುಗಿತು. ಗಾಡಿಯ ಮೇಲಿನ ಧ್ವನಿವರ್ಧಕದಲ್ಲಿ ಇಪ್ಪತ್ತು ವರ್ಷದಿಂದ ಅದೇ ಕೂಗು: "ಬನ್ನಿ ಅಮ್ಮಂದಿರೇ, ಗಂಡ ಕೈಬಿಟ್ರೂ ನನ್ನ ಹಣ್ಣು ಕೈಬಿಡಲ್ಲ!"

ಓಹಾಯೋದಲ್ಲಿ ವಿಲ್ಬೆರ್ ಮಾಮ ಇಲ್ಲ. ನೀವು ಓದುವುದನ್ನು ಅರ್ಧಕ್ಕೇ ನಿಲ್ಲಿಸಿದಿರಿ.

ಆ ಮೌನ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ. ಗಾಡಿ ಬೀದಿಯ ಆ ತುದಿಗೆ ಹೋಗಿ ತಿರುಗಿ ಬಂತು. ನಿಮ್ಮ ಉಸಿರು ಕೇಳುತ್ತಿತ್ತು. ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆ. ಗಿರಾಕಿಗಳನ್ನು ಬಿಟ್ಟು ಮನೆಯವರ ಜೊತೆ ಮಾತಾಡಿ ಸಿಕ್ಕಿಬಿದ್ದವರನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ನಿಮಗೂ ಗೊತ್ತು, ನನಗೂ ಗೊತ್ತು. ಕೊನೆಗೆ ಇಂಗ್ಲಿಷಿನಲ್ಲಿ, ತೀರಾ ಮೆಲ್ಲಗೆ, "ಇನ್ನೇನಾದರೂ ಇದೆಯಾ, ಮೇಡಂ?" ಎಂದು ಕೇಳಿದಿರಿ.

ಇದೆ ಎನ್ನಬೇಕಿತ್ತು. ಇಲ್ಲ ಅಂದೆ.

ಮೂರು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಒಂದು ವರ್ಷ ನಾನು ಜಾಕ್‌ನ ಮಾತಿಗಾಗಿ ಹಾತೊರೆದೆ. ಸೋಮವಾರ ಸಿಕ್ಕಿದ ಆ ಮೌನ ಮಾತ್ರ ನನ್ನ ಅಪ್ಪನದು. ಜಾಕ್ ಎಲ್ಲರಿಗೂ ಸಿಗುತ್ತಾನೆ, ಹತ್ತು ಡಾಲರ್ ಇದ್ದರೆ ಸಾಕು.

ಹಾಗಾಗಿ ಹೆಲೆನ್‌ಳ ಖಾತೆ ಮುಚ್ಚಿಸಿದ್ದೇನೆ. ಇನ್ನು ಮುಂದೆ ಸೋಮವಾರ ನಾನು ನಿಮ್ಮ ಕಚೇರಿಗೆ ಫೋನ್ ಮಾಡುವುದಿಲ್ಲ. ಮನೆಯ ನಂಬರು ಬದಲಾಗಿಲ್ಲ, ಇಲ್ಲಿ ಯಾರೂ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದಿಲ್ಲ. ಏನು ಹೇಳಬೇಕೆಂದು ತೋಚದಿದ್ದರೆ ಬೇಡ, ಸುಮ್ಮನೆ ಫೋನ್ ಹಿಡಿದುಕೊಂಡಿರಿ. ನಾನೂ ಹಿಡಿದುಕೊಂಡಿರುತ್ತೇನೆ.

ದೇವರು ನಿಮ್ಮ ಜೊತೆಗಿರಲಿ, ಅಪ್ಪಾ. ಆ ದ್ವೀಪದಲ್ಲಿ ನಿಮಗೆ ಒಳ್ಳೆಯ ನಿದ್ದೆ ಬರಲಿ.

ನಿಮ್ಮ ಮಗಳು,
ಯೆಂದ್ರಿ