ಗಾಡಿಯೂ ಎತ್ತನ್ನು ಎಳೆಯುತ್ತದಂತೆ

ಹೊಸಕೊಪ್ಪಲು, ಕೃಷ್ಣರಾಜನಗರ ತಾಲ್ಲೂಕು
ವಿಜಯ ಸಂವತ್ಸರದ ಮಾಘ ಬಹುಳ ಪಂಚಮಿ, ಸೋಮವಾರ
೨೨-೨-೧೯೫೪

ನನ್ನ ಮುದ್ದು ಮೊಮ್ಮಗ ಬೆಟ್ಟಸ್ವಾಮಿಗೆ,

ಮೈ ಹೇಗಿದೆ ಕಂದ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಉಣ್ಣುತ್ತಿದ್ದೇನೆ ಎಂದು ಸುಳ್ಳು ಬರೆಯಬೇಡ. ಬೆಲ್ಲದ ಗಾಡಿ ಹೊಡೆದುಕೊಂಡು ಮೈಸೂರಿಗೆ ಬಂದಿದ್ದ ನಮ್ಮ ನಿಂಗಯ್ಯ ನಿನ್ನನ್ನು ನೋಡಿಕೊಂಡು ಬಂದು ಎಲ್ಲವನ್ನೂ ಹೇಳಿದ್ದಾನೆ. ಕೆನ್ನೆ ಒಳಗೆ ಹೋಗಿದೆಯಂತೆ, ಊಟದ ಗಂಟೆ ಹೊಡೆದರೂ ಕೋಣೆ ಬಿಟ್ಟು ಇಳಿಯುವುದಿಲ್ಲವಂತೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನನ್ನ ಮಂಡಿನೋವು ಇದ್ದಲ್ಲೇ ಇದೆ. ಕೆಂದ ಹಸು ಕರು ಹಾಕಿತು. ಗಿಣ್ಣು ಕಾಯಿಸಿದ ದಿನ ನಿನ್ನಮ್ಮ ಸಿದ್ದಲಿಂಗಮ್ಮ ಒಲೆಯ ಮುಂದೆ ಕೂತು ಅತ್ತಳು, ಹೊಗೆ ಎಂದಳು. ನಾನೇನು ಹೊಗೆ ಕಾಣದವಳೇ? ಕೂಲಿಮಠದಲ್ಲಿ ಮರಳ ಮೇಲೆ ತಿದ್ದಿದ ಅಕ್ಷರ ನನ್ನದು, ಸಾಲು ಡೊಂಕಾದರೆ ಕಾಲೇಜಿನವನೆಂದು ನಗಬೇಡ. ನಕ್ಕರೂ ಸರಿಯೇ, ನಗು.

ನಿಂಗಯ್ಯ ಬಂದವನೇ ಜಗಲಿಯ ಮೇಲೆ ನಿನ್ನ ಕಂಬಳಿಯನ್ನೂ ಕಾಲಿನ ಹೊಸ ಮೆಟ್ಟನ್ನೂ ಇಟ್ಟು, “ನಂಗಿನ್ನು ಬ್ಯಾಡ, ಮನೇಗೆ ಕೊಟ್ಬುಡು ಅಂದ ಕಣಮ್ಮೋ” ಎಂದ. ಆಮೇಲೆ ದನಿ ತಗ್ಗಿಸಿ, ನೀನು ಅವನ ಗಾಡಿಯ ಮುಂದೆ ಬಹಳ ಹೊತ್ತು ನಿಂತು ನೊಗವನ್ನೇ ನೋಡುತ್ತಿದ್ದುದನ್ನು ಹೇಳಿದ. “ಎತ್ತು ಗಾಡಿಯ ಎಷ್ಟು ಎಳೀತದೋ ಗಾಡೀನೂ ಎತ್ತ ಅಷ್ಟೇ ಎಳೀತದೆ ನಿಂಗಣ್ಣ, ಅಂಗಾರೆ ಗಾಡಿ ಎಂಗೆ ಮುಂದಕ್ಕೋಯ್ತದೆ?” ಎಂದು ಕೇಳಿದೆಯಂತಲ್ಲ, ಅದಕ್ಕೆ ಆ ಮಹರಾಯ ಹೆದರಿ ಎತ್ತಿಗೆ ನೀರೂ ಕುಡಿಸದೆ ಊರಿನ ಹಾದಿ ಹಿಡಿದ. ಬೀದಿಗೆ ಅಷ್ಟೇ ಸಾಕಾಯಿತು. ಓದಿ ಓದಿ ಹುಡುಗನಿಗೆ ಗಾಳಿ ಸೋಕಿದೆ ಎಂದರು. ನಿನ್ನಮ್ಮ ಮಂತ್ರಿಸಿದ ದಾರ ತರಿಸಿದಳು, ನೆತ್ತಿಗೆ ತಟ್ಟಲು ಹರಳೆಣ್ಣೆ ಕಾಯಿಸಿ ಶೀಶೆಗೆ ತುಂಬಿಟ್ಟಳು.

ನಾನೂ ಹೆದರಿದೆ ಮಗಾ. ಆದರೆ ನನ್ನ ಹೆದರಿಕೆ ಗಾಡಿಯ ಮಾತಿಗಲ್ಲ, ಕಂಬಳಿಗೆ. ಸಾಲಿಗ್ರಾಮದ ಕೆಂಪಾಜಮ್ಮನ ಮಗ ನಿನಗೂ ಗೊತ್ತು. ಪರೀಕ್ಷೆ ಕೆಟ್ಟಿತೆಂದು ಹೊಳೆಯ ದಡದಲ್ಲಿ ಅಂಗಿ ಮಡಿಚಿಟ್ಟು ಹೋದವನು. ಹೋಗುವ ಮೊದಲು ತನ್ನ ತಂಬಿಗೆ, ಹಾಸಿಗೆ, ಛತ್ರಿ ಎಲ್ಲವನ್ನೂ ಅವರಿವರಿಗೆ ಕೊಟ್ಟಿದ್ದ. ಎಂಥ ಉದಾರಿ ಹುಡುಗ ಎಂದು ಎಲ್ಲರೂ ಹೊಗಳಿದ್ದರು. ಮಾಘದ ಚಳಿ ಇನ್ನೂ ಬಿಟ್ಟಿಲ್ಲ, ಕಂಬಳಿ ಬೇಡವಾಗುವುದಕ್ಕೆ ನಿನಗೇನು ಬಂದಿದೆ? ಈ ಮಾತನ್ನು ನಿನ್ನಮ್ಮನ ಎದುರು ಆಡಿಲ್ಲ. ಯಾರ ಎದುರೂ ಆಡಿಲ್ಲ. ಆಡಿದರೆ ಅದು ನಿಜವಾಗಿಬಿಡುತ್ತದೇನೋ ಎಂದು ನಾಲಗೆ ಕಚ್ಚಿಕೊಂಡಿದ್ದೇನೆ. ನನ್ನ ನಾಲಗೆಗೆ ಅದು ಎಷ್ಟು ಕಷ್ಟ ಎಂದು ನೀನೇ ಯೋಚಿಸು.

ಸೆರಗು ಹೊದ್ದು ಮಿಡ್ಲ್ ಸ್ಕೂಲಿನ ಚನ್ನಬಸವಣ್ಣ ಮೇಷ್ಟರ ಮನೆಗೆ ಹೋದೆ. ಅವರು ಗಾಡಿಯ ಮಾತು ಕೇಳಿ, “ಅಜ್ಜಿ, ಹುಚ್ಚಲ್ಲ ಕಣ್ರೀ ಅದು, ಪಾಠ. ಇಂಟರ್‌ಮೀಡಿಯೆಟ್‌ನೋರಿಗೆ ಮೊದಲೇ ಬರ್ತದೆ” ಎಂದರು. ನ್ಯೂಟನ್ ಎಂಬುವವನು ಇನ್ನೂರು ಮುನ್ನೂರು ವರ್ಷದ ಕೆಳಗೇ ಅದನ್ನು ಬರೆದಿಟ್ಟಿದ್ದಾನಂತೆ. ಹಾಗಾದರೆ ನನಗೂ ಹೇಳಿಕೊಡಿ ಎಂದು ಅಲ್ಲೇ ಕೂತೆ. “ನಿಮಗ್ಯಾಕಜ್ಜಿ ಈ ವಯಸ್ನಲ್ಲಿ?” ಎಂದರು. ನನ್ನ ಮೊಮ್ಮಗನನ್ನು ತಿನ್ನುತ್ತಿರುವುದರ ಮುಖ ನಾನು ನೋಡಬೇಡವೇ ಎಂದೆ. ಪಾಪ, ಹೇಳಿಕೊಟ್ಟರು. ತಳ್ಳುವವರಿಲ್ಲದೆ ನಿಂತದ್ದು ಅಲುಗದು, ತಡೆಯುವವರಿಲ್ಲದೆ ಓಡುವುದು ನಿಲ್ಲದು ಎನ್ನುವುದು ಮೊದಲನೆಯ ಪಾಠ. ಉರುಳುವ ಚೆಂಡು ತಾನಾಗಿಯೇ ನಿಲ್ಲುತ್ತದಲ್ಲ ಎಂದು ಜಗಳ ತೆಗೆದೆ. ನೆಲ ತಿಕ್ಕಿ ತಿಕ್ಕಿ ನಿಲ್ಲಿಸುತ್ತದೆ ಅಜ್ಜಿ, ಏನೂ ತಡೆಯದಿದ್ದರೆ ಹೋಗುತ್ತಲೇ ಇರುತ್ತದೆ ಎಂದರು. ಅದನ್ನು ಕೇಳಿ ನಿನ್ನ ನೆನಪಾಯಿತು. ಅಲ್ಲಿ ನಿನ್ನನ್ನು ತಡೆಯುವವರು ಯಾರಿದ್ದಾರೆ?

ನಿನ್ನ ಗಾಡಿಯ ಪಾಠ ಮಾತ್ರ ಮೇಷ್ಟರ ಜಗಲಿಯಲ್ಲಿ ನನ್ನ ತಲೆಗೆ ಹತ್ತಲಿಲ್ಲ. ಅಷ್ಟೇ ಎಳೆದರೆ ಅಷ್ಟಕ್ಕೆ ಅಷ್ಟು ಸರಿಹೋಯಿತು, ಗಾಡಿ ನಿಲ್ಲಬೇಕು, ಆದರೆ ಹೋಗುತ್ತದೆ. ನಾನೂ ನಿನ್ನ ಹಾಗೇ ಹಾದಿಯ ಗಾಡಿಗಳನ್ನು ನೋಡುತ್ತಾ ನಿಂತೆ. ನನಗೂ ಗಾಳಿ ಸೋಕಿತೆಂದು ನಿನ್ನಮ್ಮ ಎಣ್ಣೆಯ ಶೀಶೆ ಹಿಡಿದು ಬಂದಳು. ನಿನ್ನೆ ಆಲೆಮನೆಗೆ ಹೊರಟಿದ್ದ ಕುಳ್ಳಯ್ಯನ ಕಬ್ಬಿನ ಗಾಡಿ ನಾಲೆಯ ಕೆಸರಿನಲ್ಲಿ ಹೂತಿತು. ಎತ್ತು ಮಂಡಿಯೂರಿ ಎಳೆದರೂ ಗೊರಸು ಹಿಂದಕ್ಕೆ ಜಾರುತ್ತಿತ್ತೇ ಹೊರತು ಗಾಡಿ ಮಿಸುಕಲಿಲ್ಲ. ಎಲ್ಲರೂ ಮಾಡುವಂತೆ ಅವನು ಗಾಲಿಯ ಮುಂದೆ ಕಬ್ಬಿನ ಸೋಗೆ ತುರುಕಿದ. ಅಲ್ಲೇ ಬಂದ ಮೇಷ್ಟರು ಸೋಗೆಯನ್ನು ಎತ್ತಿನ ಕಾಲ ಕೆಳಗೂ ಹಾಸು ಎಂದರು. “ಎತ್ತಿಗೆ ಆಸ್ಗೆ ಆಸ್ತೀರಾ ಮೇಷ್ಟ್ರೇ? ದಿಂಬೂ ತಂದ್ಬುಡ್ಲಾ?” ಎಂದು ಕುಳ್ಳಯ್ಯ ನಕ್ಕ. ಹಾಸಿದ. ಗೊರಸು ಕಚ್ಚಿತು, ಗಾಡಿ ಮೇಲೆ ಬಂತು.

ಆಗ ಗೊತ್ತಾಯಿತು ಕಣೋ. ಎತ್ತು ಮುಂದೆ ಹೋಗುವುದು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದ್ದು. ಅದು ಒದ್ದಷ್ಟೇ ನೆಲ ಅದನ್ನು ಮುಂದಕ್ಕೆ ನೂಕುತ್ತದೆ. ಆ ನೂಕು ಗಾಡಿಯ ಜಗ್ಗಿಗಿಂತ ಹೆಚ್ಚಾದರೆ ಎತ್ತು ಹೊರಟಿತು. ಗಾಡಿಯ ಲೆಕ್ಕ ಬೇರೆ. ಅದಕ್ಕೆ ಮುಂದಿನಿಂದ ಎತ್ತಿನ ಎಳೆತ, ಹಿಂದಕ್ಕೆ ಕೆಸರಿನ ಹಿಡಿತ. ಎತ್ತಿನ ಮೇಲೆ ಬಿದ್ದ ಎಳೆತವನ್ನೂ ಗಾಡಿಯ ಮೇಲೆ ಬಿದ್ದ ಎಳೆತವನ್ನೂ ಒಟ್ಟಿಗೆ ಹಾಕಿ ಕಳೆದರೆ ಸೊನ್ನೆಯೇ ಬರುತ್ತದೆ. ನೀನು ಸಿಕ್ಕಿಕೊಂಡಿರುವುದು ಅಲ್ಲೇ. ಮೇಷ್ಟರನ್ನು ಕೇಳಿ ನೋಡಿದೆ, ನನ್ನ ಮಾತು ಸರಿ ಎಂದರು. ಕೋಣೆಯಲ್ಲಿ ಕೂತು ನಿನ್ನನ್ನು ನೀನೇ ಕಳೆದು ಕಳೆದು ಸೊನ್ನೆ ಮಾಡಿಕೊಂಡಿದ್ದೀಯ. ನಿನ್ನ ಕಾಲ ಕೆಳಗಿನ ನೆಲವನ್ನು ಲೆಕ್ಕಕ್ಕೇ ಹಿಡಿದಿಲ್ಲ.

ದೀಪಾವಳಿಯಲ್ಲಿ ನಿನ್ನಪ್ಪ ರುದ್ರಸ್ವಾಮಿ, “ಫೇಲಾದ್ರೆ ಈ ಒಸ್ಲು ತುಳೀಬ್ಯಾಡ” ಎಂದದ್ದು ನಿನ್ನ ಎದೆಯಲ್ಲಿ ಕೂತಿದೆ, ನನಗೆ ಗೊತ್ತು. ಆ ಹೊಸಲಿನ ಮರ ನನ್ನ ತವರಿನದು. ಅದನ್ನು ಯಾರು ತುಳಿಯಬೇಕು ಎಂದು ಹೇಳುವವಳು ನಾನು, ಅವನಲ್ಲ. ನಿಂಗಯ್ಯ ಬಂದ ಮೇಲೆ ಅವನೂ ತಟ್ಟೆಯ ಮುಂದೆ ಕೂತು ಉಣ್ಣದೆ ಕೈ ತೊಳೆದು ಏಳುತ್ತಿದ್ದಾನೆ. ಗಂಡಸು ನೋಡು, ಬೈಯುವುದಕ್ಕೆ ಮಾತ್ರ ಬಾಯಿ. ಪರೀಕ್ಷೆ ಬರೆ, ಬರೆಯದಿರು, ಪಾಸಾಗು, ಆಗದಿರು. ಊರಿಗೆ ಬಾ.

ಶಿವ ನಿನ್ನ ತಲೆ ಕಾಯಲಿ. ನಿನ್ನ ಅಮ್ಮ ಹರಸಿದ್ದಾಳೆ, ಅಪ್ಪನೂ ಹರಸಿದ್ದಾನೆ. ಅವನನ್ನು ಕೇಳಿಲ್ಲ, ನಾನೇ ಬರೆದಿದ್ದೇನೆ.

ಇಂತಿ ನಿನ್ನ ಅಜ್ಜಿ,
ಗುರುಶಾಂತಮ್ಮ

ತಾ.ಕ.: ಮೈಸೂರು, ಮಂಗಳವಾರ. ಪೆನ್ಸಿಲಿನ ಬರಹ ನೋಡಿ ಗಾಬರಿಯಾಗಬೇಡ. ಟಪಾಲು ಡಬ್ಬಿಯವರೆಗೆ ಹೋದೆ, ಕಾಗದ ಬಿಡಲು ಕೈ ಬರಲಿಲ್ಲ. ಅದು ತಲುಪುವ ತನಕ ನನ್ನ ಎದೆ ತಾಳುವುದಿಲ್ಲ ಎನ್ನಿಸಿತು. ಒಬ್ಬಳೇ ರೈಲು ಹತ್ತಿ ಬಂದಿದ್ದೇನೆ, ನಿನ್ನ ಹಾಸ್ಟೆಲಿನ ಗೇಟಿನ ಹೊರಗಿದ್ದೇನೆ. ಗೇಟಿನವನು ಹೆಂಗಸರನ್ನು ಒಳಗೆ ಬಿಡುವುದಿಲ್ಲ, “ರೂಲ್ಸು ಕಣಜ್ಜಿ” ಎನ್ನುತ್ತಾನೆ. ಕಾಗದವನ್ನಾದರೆ ಮೇಲೆ ಕೊಟ್ಟು ಬರುತ್ತಾನಂತೆ. ನೀನು ಕೋಣೆಯಲ್ಲೇ ಇದ್ದೀಯ ಎಂದ. ಅದನ್ನು ಕೇಳಿದ ಮೇಲೆ ಇಲ್ಲೇ ನೆಲದ ಮೇಲೆ ಕೂತಿದ್ದೇನೆ. ಇಳಿದು ಬಾ. ಮುಖ ತೊಳೆಯುವುದು ಬೇಡ, ಯಾವ ಮುಖವಿದ್ದರೂ ಸರಿ. ಬರದಿದ್ದರೆ, ತೊಟ್ಟಿಲಲ್ಲಿ ನಿನ್ನನ್ನು ಕರೆಯುತ್ತಿದ್ದ ಹೆಸರನ್ನು ಈ ಗೇಟು ಹಿಡಿದು ನಿನ್ನ ಸ್ನೇಹಿತರಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ. ನನ್ನ ಗಂಟಲು ಎಂಥದೆಂದು ನಿನಗೆ ಗೊತ್ತು.