ಆರನೇ ಕೋಣೆಯ ತಾಯಿ, ಮಗಳು

ಮಾರ್ಚ್ ೧೪, ಗುರುವಾರ

ಇವತ್ತು ಕ್ಯಾಮೆರಾ ಒಯ್ಯಲಿಲ್ಲ, ಮನಸ್ಸು ಬರಲಿಲ್ಲ. ದೂರದೂರಿಂದ ಮಕ್ಕಳ ಚಿಕಿತ್ಸೆಗೆ ಬಂದವರು ಉಳಿದುಕೊಳ್ಳಲೆಂದು ಆಸ್ಪತ್ರೆಯ ಹಿಂದೆ ಕಟ್ಟಿದ ಆ ಮನೆಗೆ ದೇಣಿಗೆ ಕೂಡಿಸಲು ನಾನು ತೆಗೆಯುತ್ತಿರುವ ಚಿತ್ರಕ್ಕೆ ಆರನೇ ಕೋಣೆಯ ತಾಯಿಯ ಮಾತೇ ಜೀವ. ಸೋಮವಾರ ಆಕೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ರಜೆ ಮುಗಿಯೋಷ್ಟೊತ್ತಿಗೆ ಇವಳು ಸ್ಕೂಲಿಗೆ ಹೋಗ್ತಾಳೆ, ನೋಡ್ತಿರಿ," ಎಂದಿದ್ದರು. ನಿನ್ನೆ ಬೆಳಿಗ್ಗೆ ಹುಡುಗಿ ತೀರಿಕೊಂಡಳು. ಒಂಬತ್ತು ವರ್ಷ.

ನಾನು ಹೋದಾಗ ಆಕೆ ಕೋಣೆ ಗುಡಿಸುತ್ತಿದ್ದರು. ಸಂಜೆ ಇನ್ನೊಂದು ಮಗುವಿನ ಮನೆಯವರು ಬರುತ್ತಾರಂತೆ. "ಅಕ್ಕಾ, ಸ್ಕೂಲಿನ ಮಾತನ್ನ ತೆಗೆದುಬಿಡ್ತೀನಿ," ಎಂದೆ.

ಪೊರಕೆ ನಿಂತಿತು. "ಬೇಡ ಕಣಮ್ಮ, ಇರಲಿ. ಅದು ಆಗೋದಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು. ಡಾಕ್ಟ್ರು ಹಿಂದಿನ ದಿನಾನೇ ಹೇಳಿದ್ರು. ಅವಳು ಕೇಳಿಸ್ಕೊಳ್ಲಿ ಅಂತ ಹೇಳ್ದೆ. ಆಮೇಲೆ ರಾತ್ರಿಯೆಲ್ಲ ಬ್ಯಾಗು ಯಾವ ಬಣ್ಣದ್ದು ತಗೊಳ್ಳೋದು ಅಂತಾನೇ ಮಾತು. ಒಂದು ಬಣ್ಣ ಒಪ್ಪಿದ್ರೆ ತಾನೇ!" ಎಂದು ನಗಲು ಹೋಗಿ, ಪೊರಕೆ ಹಿಡಿದುಕೊಂಡೇ ನೆಲದ ಮೇಲೆ ಕುಸಿದರು. ನಾನೂ ಪಕ್ಕದಲ್ಲಿ ಕೂತೆ.

ಮನೆಗೆ ಬಂದು ಆ ದೃಶ್ಯ ಹಾಕಿದೆ. ಮೂರು ದಿನದಿಂದ ತಾಯಿಯ ಮುಖವನ್ನೇ ನೋಡುತ್ತಿದ್ದೆ. ಇವತ್ತು ಹುಡುಗಿಯನ್ನು ನೋಡಿದೆ. ಅಮ್ಮ ಸ್ಕೂಲು ಎಂದಾಗ ಅವಳ ಮುಖದಲ್ಲಿ ಸಂತೋಷವಿಲ್ಲ. ಅಮ್ಮನ ಬೆನ್ನಿನ ಮೇಲೆ ಕೈಯಿಟ್ಟು ಮೆಲ್ಲಗೆ ಸವರುತ್ತಿದ್ದಾಳೆ, ದೊಡ್ಡವರು ಸಮಾಧಾನ ಮಾಡುವ ಹಾಗೆ. ಅವಳಿಗೂ ಗೊತ್ತಿತ್ತು. ಬ್ಯಾಗಿನ ಮಾತೆಲ್ಲ ಅಮ್ಮನಿಗಾಗಿ ಆಡಿದ್ದು.

ಇದನ್ನು ಆ ಅಕ್ಕನಿಗೆ ಹೇಗೆ ತೋರಿಸಲಿ? ತೋರಿಸದೆ ಹೇಗಿರಲಿ?