ದೂರು ಕೊಟ್ಟರೆ ಧ್ಯಾನಕ್ಕೆ ಕಳಿಸಿದರು

ಜನವರಿ 29, 2007, ಸೋಮವಾರ. ಗುಂಡ್ಲುಪೇಟೆ, ಬೆಳಗ್ಗೆ 6.40

ಉಪ್ಪಿಟ್ಟಿಗೆ ರವೆ ಸಾಲದು. ಅಡುಗೆಯ ಮಂಚಮ್ಮ ಒಲೆ ಮುಂದೆ ಗೊಣಗುತ್ತಿದ್ದಾಳೆ. ಹಾಸ್ಟೆಲಿನಲ್ಲಿ ನಲವತ್ತೆರಡು ಹುಡುಗಿಯರು, ಎರಡು ಬಚ್ಚಲು. ಒಂದಕ್ಕೆ ದಸರಾದಿಂದ ಬಾಗಿಲಿಲ್ಲ. ನನ್ನ ಹಳೇ ಸೀರೆಯೇ ಪರದೆ. ಒಬ್ಬಳ ಸ್ನಾನಕ್ಕೆ ಇಬ್ಬರು ಕಾವಲು.

ನಿನ್ನೆ ಸಂಜೆ ಹಿಂದುಗಡೆ ಬಿದ್ದ ಕಾಂಪೌಂಡಿನ ಸಂದಿಯಲ್ಲಿ ಯಾವನೋ ನಿಂತು ಸಿಳ್ಳೆ ಹಾಕಿದ. ಬಚ್ಚಲೊಳಗಿದ್ದವಳು ಎಸ್ಸೆಸ್ಸೆಲ್ಸಿಯ ಮಾನಸ. ಮಂಚಮ್ಮ ಪೊರಕೆ ಹಿಡಿದು ಓಡಿಸಿದಳು. ಮಾನಸ ಇವತ್ತು ಸ್ನಾನಕ್ಕೇ ಹೋಗಿಲ್ಲ.

ಹಾಸ್ಟೆಲ್ ನಡೆಸುವ ಟ್ರಸ್ಟಿಗೆ ಬಾಗಿಲಿನ ಬಗ್ಗೆ ನಾಲ್ಕನೇ ಪತ್ರ ಇವತ್ತು, ರಿಜಿಸ್ಟರ್ ಪೋಸ್ಟಿನಲ್ಲಿ. ವಾರ್ಡನ್ ಅಂದರೆ ಇನ್ನೇನು ಮಾಡಬೇಕು? ಬಾಗಿಲಾಗಿ ನಾನೇ ನಿಲ್ಲಲೇ?

ಫೆಬ್ರವರಿ 1, ಗುರುವಾರ

ಮಾನಸಳ ಅಪ್ಪ ಮೂಗಯ್ಯ ಮದ್ದೂರು ಕಡೆಯಿಂದ ಬಂದಿದ್ದ. ಬಾಳೆ ತೋಟದ ಕೆಲಸ ಬಿಟ್ಟು.

"ಅಮ್ಮೋರೆ, ಮಗಿನ ಕರ್ಕಂಡೋಯ್ತಿನಿ."

"ಪರೀಕ್ಷೆ ಹತ್ತಿರ ಇದೆ ಮೂಗಯ್ಯ. ಒಂದು ವಾರ ಟೈಮ್ ಕೊಡಿ."

"ನಿಮ್ ಮಗ್ಳಾಗಿದ್ರೆ ಬುಟ್ಟಿರ್ತಿದ್ರಾ?"

ಮಾನಸ ತಲೆ ಎತ್ತಲಿಲ್ಲ. ಟ್ರಂಕು ಹೊತ್ತು ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಕ್ಲಾಸಿಗೆ ಎರಡನೆಯವಳು ಅವಳು!

ಫೆಬ್ರವರಿ 5, ಸೋಮವಾರ. ಚಾಮರಾಜನಗರದಿಂದ ವಾಪಸ್, ಬಸ್ಸಿನಲ್ಲಿ

ಅಕ್ಷರ ಸೊಟ್ಟ ಬೀಳುತ್ತಿದೆ. ರಸ್ತೆಯಿಂದಲ್ಲ.

ಟ್ರಸ್ಟಿನ ಆಫೀಸಿನಲ್ಲಿ ಕಾರ್ಯದರ್ಶಿ ದೊಡ್ಡಮಲ್ಲಪ್ಪ ನಾಲ್ಕೂ ಪತ್ರ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಓದಿದ್ದಾರೆ. ಓದಿ ಹುಡುಕಿದ್ದು ನನ್ನ ಭಾಷೆಯ ತಪ್ಪು. "ಶಿವಲಕ್ಷ್ಮಿಯವ್ರೇ, 'ನಾಚಿಕೆಗೇಡು' ಅಂತೆಲ್ಲ ಬರೀಬಾರ್ದು. ನಿಮ್ಗೆ ಕೋಪ ಜಾಸ್ತಿ. ಇಲ್ಲಿ ಹೃದಯ ಧ್ಯಾನದ ಕ್ಲಾಸು ನಡೀತಿದೆ. ಮೂರು ದಿನ, ಫೀಸಿಲ್ಲ. ಹೋಗಿ ಬನ್ನಿ. ಮೊದ್ಲು ಮನಸ್ಸಿನ ಬಾಗಿಲು ತೆಗೀರಿ."

"ಸಾರ್, ನನಗೆ ಬೇಕಾಗಿರೋದು ಮುಚ್ಚೋ ಬಾಗಿಲು."

ನಕ್ಕರು. ನಗು ಬರುವಂಥದ್ದು ಏನಿತ್ತು? ಶುಕ್ರವಾರದಿಂದ ಕ್ಲಾಸಿಗೆ ಹಾಜರಾಗಬೇಕಂತೆ. ಆರ್ಡರು.

ಫೆಬ್ರವರಿ 9, ಶುಕ್ರವಾರ

ಚಾಮರಾಜನಗರದ ಕಲ್ಯಾಣ ಮಂಟಪ, ಮಹಡಿ. ಜಮಖಾನ. ಮಂಡಿ ನೋವಿನವರಿಗೆ ಪ್ಲಾಸ್ಟಿಕ್ ಕುರ್ಚಿ. ಹದಿನೆಂಟು ಜನ. ಮಂತ್ರವಿಲ್ಲ, ಅಡ್ಡ ಬೀಳಲು ಪಟವಿಲ್ಲ. ಬೈಯಲು ಏನೂ ಸಿಗದೆ ಇನ್ನೂ ಸಿಟ್ಟು ಬಂತು.

ಕಲಿಸುವವರು ಪುಟ್ಟಬಸಮ್ಮ. ರಿಟೈರಾದ ನರ್ಸು. ಕಾಟನ್ ಸೀರೆ, ದಪ್ಪ ಕನ್ನಡಕ. "ಬೆನ್ನು ನೆಟ್ಗಿರ್ಲಿ, ಬಿಗೀಬ್ಯಾಡಿ. ಎದೆ ಒಳ್ಗೆ ಬೆಳಕದೆ ಅಂದ್ಕಳಿ, ಅಷ್ಟೆಯ. ಟಾರ್ಚ್ ಆಕಿ ಉಡುಕ್ಬ್ಯಾಡಿ. ಯೋಚ್ನೆ ಬಂದ್ರೆ ಬರ್ಲಿ. ಕರೀದೆ ಬಂದ ನೆಂಟ್ರು. ಕಾಫಿ ಕೊಡ್ಬ್ಯಾಡಿ, ತಾವಾಗೇ ಓಯ್ತರೆ."

ಅರ್ಧ ಗಂಟೆ ಕಣ್ಣು ಮುಚ್ಚಿದೆ. ನನ್ನ ನೆಂಟರು ಹೋಗಲಿಲ್ಲ. ಮೂಗಯ್ಯ ಬಂದ, ದೊಡ್ಡಮಲ್ಲಪ್ಪನ ನಗು ಬಂತು, ಸಿಳ್ಳೆ ಬಂತು. ಬೆಳಕಂತೆ! ಪಕ್ಕದಲ್ಲಿ ಕೂತಿದ್ದ ಬ್ಯಾಂಕಿನವರೊಬ್ಬರು ಗೊರಕೆ ಹೊಡೆದರು. ಪುಟ್ಟಬಸಮ್ಮ ಎಬ್ಬಿಸಲಿಲ್ಲ.

ಫೆಬ್ರವರಿ 10, ಶನಿವಾರ

ಇವತ್ತು ಸಂಜೆಯ ಅಭ್ಯಾಸ. ದಿನದ ಕೊಳೆಯೆಲ್ಲ ಬೆನ್ನ ಹಿಂದಿನಿಂದ ಹೊಗೆಯಂತೆ ಹೋಗುತ್ತಿದೆ ಎಂದುಕೊಳ್ಳಬೇಕು. ತಡೆಯಲಾಗಲಿಲ್ಲ. ಎಲ್ಲರ ಎದುರೇ ಕೇಳಿದೆ: "ಕೋಪವೂ ಹೋಗಬೇಕಾ? ನನ್ನನ್ನು ಇಲ್ಲಿಗೆ ಕಳಿಸಿರೋದೇ ಅದಕ್ಕೆ." ಬಾಗಿಲು, ಮಾನಸ, ನಾಲ್ಕು ಪತ್ರ... ಎಲ್ಲ ಹೇಳಿಬಿಟ್ಟೆ. ಜನ ಜಮಖಾನ ನೋಡುತ್ತ ಕೂತರು.

ಪುಟ್ಟಬಸಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ: "ಗಾಯ ಇದ್ರೆ ನೋವಿರ್ಬೇಕು ಕಣವ್ವ. ಗಾಯ ಇದ್ದೂ ನೋವಿಲ್ಲ ಅಂದ್ರೇನೇ ನಾವು ನರ್ಸ್‌ಗಳು ಎದರ್ಕತಿದ್ದಿದ್ದು."

ಒಪ್ಪಲು ಮನಸ್ಸಿಲ್ಲ. ಆದರೂ ಬರೆದಿಟ್ಟೆ.

ಫೆಬ್ರವರಿ 11, ಭಾನುವಾರ

ಕೊನೆ ದಿನ. ಒಂದು ನಿಮಿಷವೋ ಎರಡೋ... ಎದೆಯೊಳಗೆ ಸದ್ದಡಗಿತು. ಬೆಳಕು ಏನೂ ಇಲ್ಲ. ಸುಮ್ಮನಿತ್ತು, ಅಷ್ಟೇ. ಕಣ್ಣು ಬಿಟ್ಟಾಗ ಕೋಪ ಅಲ್ಲೇ ಇತ್ತು. ನಡುಕ ಮಾತ್ರ ಇರಲಿಲ್ಲ.

ಹಾಜರಿಗೆ ಸಹಿ ಹಾಕಿಸಿ ಟ್ರಸ್ಟಿಗೆ ಕಳಿಸಬೇಕಂತೆ. ಕಳಿಸಿದೆ. ಯಾಕೆ ಬೇಕಿತ್ತು ಎಂದು ಕೇಳಬೇಕಿತ್ತು.

ಫೆಬ್ರವರಿ 19, ಸೋಮವಾರ, ಮಧ್ಯಾಹ್ನ

ಪತ್ರ ಬಂತು. ಹಾಗೇ ಬರೆದುಕೊಳ್ಳುತ್ತೇನೆ: "ದೂರುದಾರರು ಧ್ಯಾನ ತರಬೇತಿಯನ್ನು ತೃಪ್ತಿಕರವಾಗಿ ಪೂರೈಸಿರುವುದರಿಂದ ಸದರಿ ದೂರನ್ನು ಮುಕ್ತಾಯಗೊಳಿಸಲಾಗಿದೆ."

ನಾನು ಕಣ್ಣು ಮುಚ್ಚಿ ಕೂತಿದ್ದಕ್ಕೆ ಬಚ್ಚಲಿಗೆ ಬಾಗಿಲು ಬಂತೇ! ಮಂಚಮ್ಮನಿಗೆ ಓದಿ ಹೇಳಿದೆ. "ಇವ್ರ ಮನೆ ಬಚ್ಲು ಬಾಗ್ಲು ಕಿತ್ಕಬರನ ನಡೀರಿ" ಅಂದಳು. ತಮಾಷೆಗಲ್ಲ.

ಫೆಬ್ರವರಿ 21, ಬುಧವಾರ

ಪತ್ರ ಹಿಡಿದು ಪುಟ್ಟಬಸಮ್ಮನ ಮನೆಗೇ ಹೋದೆ. ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಮುಖ ಕೆಂಪಾಯಿತು. "ನಡೀ ಓಗನ." ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ದೊಡ್ಡಮಲ್ಲಪ್ಪನವರ ಮೇಜಿನ ಮುಂದೆ ನಿಂತೇ ಮಾತು. "ಸಾ, ಈ ಕಾಗ್ದದಿಂದ ನಮ್ ಕ್ಲಾಸಿನ ಎಸ್ರು ತಗೀರಿ."

"ಅಮ್ಮ, ಕೂತ್ಕೊಳ್ಳಿ, ಶಾಂತಿಯಿಂದ ಮಾತಾಡೋಣ..."

"ಶಾಂತಿ ನಿಮ್ಗೆ ಬೇಕಾ, ಆ ಮಕ್ಳಿಗೆ ಬೇಕಾ? ಗುಂಡ್ಲುಪೇಟೆಗೆ ಬನ್ನಿ. ಆ ಸೀರೆ ಇಂದೆ ಐದ್ ನಿಮ್ಸ ಕಣ್ಮುಚ್ಚಿ ನಿಂತ್ಕಳಿ. ಎಂಗೆ ಧ್ಯಾನ ಬತ್ತದೆ ನೋಡನ!"

ಗುಮಾಸ್ತನ ಟೈಪಿಂಗ್ ನಿಂತಿತು. ನಾನು ಪತ್ರಗಳ ಪ್ರತಿ ಮೇಜಿನ ಮೇಲಿಟ್ಟೆ. "ಶನಿವಾರದೊಳಗೆ ಬಾಗಿಲು ಬರದಿದ್ದರೆ ಇವೆಲ್ಲ ಜಿಲ್ಲಾಧಿಕಾರಿಗೆ." ಕೂಗಲಿಲ್ಲ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ದೊಡ್ಡಮಲ್ಲಪ್ಪ ಬಡಗಿಗೆ ಫೋನ್ ಮಾಡಿದರು. ಕ್ಷಮೆ ಕೇಳಲಿಲ್ಲ. ನಾವು ಬಾಗಿಲು ದಾಟುವಾಗ "ಹೆಂಗಸರ ಗಲಾಟೆ" ಎಂದಿದ್ದು ಕೇಳಿಸಿತು. ಪುಟ್ಟಬಸಮ್ಮ ತಿರುಗಿ ನಿಂತು, "ಊ, ಅದೇಯ" ಎಂದರು.

ಫೆಬ್ರವರಿ 24, ಶನಿವಾರ

ತಗಡಿನ ಬಾಗಿಲು. ಒಳಗಿನಿಂದ ಎರಡು ಚಿಲಕ. ಹುಡುಗಿಯರು ಸುಮ್ಮನೆ ಒಳಗೆ ಹೋಗಿ ಹಾಕಿ ತೆಗೆದು ನೋಡಿದರು. ಕಾಂಪೌಂಡು ಹಾಗೇ ಬಿದ್ದಿದೆ.

ಬೆಳಗ್ಗೆ ಹತ್ತು ನಿಮಿಷ ಧ್ಯಾನಕ್ಕೆ ಕೂರುತ್ತಿದ್ದೇನೆ. ದೊಡ್ಡಮಲ್ಲಪ್ಪನಿಗೆ ಗೊತ್ತಾಗಬಾರದು!

ಫೆಬ್ರವರಿ 25, ಭಾನುವಾರ. ಮೂಗಯ್ಯನ ಜಗಲಿ, 11.20

ಮಾನಸ ತೋಟದಲ್ಲಿದ್ದಳು, ಬಾಳೆಗೊನೆ ಹೊರಲು. ಬಾಗಿಲು ಬಂತು ಎಂದೊಡನೆ ಮೂಗಯ್ಯ ಕೇಳಿದ: "ಚಿಲ್ಕ ಒಳಗಿಂದಾನಾ?"

"ಒಳಗಿಂದ. ಎರಡು."

"ಗ್ವಾಡೆ?"

"ಗೋಡೆ ಇನ್ನೂ ಇಲ್ಲ. ಸಂಜೆ ಹೊತ್ತು ಮಂಚಮ್ಮ, ನಾನು ಹಿಂದೆ ಕೂತಿರ್ತೀವಿ."

ಮೂಗಯ್ಯ ತೋಟದ ಕಡೆ ತಿರುಗಿ ಕೂಗಿದ: "ಮಾನ್ಸಾ, ಪುಸ್ತುಕ ಕಟ್ಕ ಕಣಮ್ಮಿ!"

ಅವಳು ಓಡಿ ಬಂದು ಒಳಗೆ ಹೋದಳು. ಕಾಯುತ್ತ ಕೂತು ಬರೆಯುತ್ತಿದ್ದೇನೆ. ಇಪ್ಪತ್ತನಾಲ್ಕು ದಿನದ ಪಾಠ ಹೋಯಿತು. ಅದನ್ನು ಯಾವ ಟ್ರಸ್ಟು ವಾಪಸ್ ಕೊಡುತ್ತದೆ? ಗೋಡೆಗೆ ನಾಳೆಯೇ ಐದನೇ ಪತ್ರ. ಒಕ್ಕಣೆ ಹೀಗೆ: ಮಾನ್ಯರೇ, ತಮ್ಮ ಆದೇಶದಂತೆ ಧ್ಯಾನ ಕಲಿತಿದ್ದೇನೆ. ಆದ್ದರಿಂದ ಇನ್ನು ಮುಂದೆ ದಿನಕ್ಕೊಂದು ದೂರು ಬರೆಯುವಷ್ಟು ತಾಳ್ಮೆ ನನಗೆ...

ಮಾನಸ ಬಂದಳು. ಟ್ರಂಕಿನ ಒಂದು ಹಿಡಿ ನನ್ನ ಕಡೆಗೆ ಚಾಚಿ, "ಮಿಸ್, ಬಸ್ಸು..."